1927ರ ಯಾಂಕೀಸಾ, 1976ರ ರೆಡ್ಸಾ? ಲೈನಪ್ ಜಗಳಕ್ಕೆ ನನ್ನ ಉತ್ತರ

ಓದುಗರೊಬ್ಬರ ಪ್ರಶ್ನೆ: "ನಾನು ನ್ಯೂಜೆರ್ಸಿಗೆ ಬಂದು ಕೆಲವು ವರ್ಷ ಆಯಿತು. ಆಫೀಸಿನಲ್ಲಿ ಊಟಕ್ಕೆ ಕೂತರೆ ಬೇಸ್‌ಬಾಲ್ ಮಾತೇ. ಒಬ್ಬರು 1927ರ ನ್ಯೂಯಾರ್ಕ್ ಯಾಂಕೀಸ್ ಲೈನಪ್ (ಬ್ಯಾಟಿಂಗ್‌ಗೆ ಇಳಿಯೋ ಒಂಬತ್ತು ಜನರ ಸರದಿ) ಮುಂದೆ ಯಾವುದೂ ನಿಲ್ಲಲ್ಲ ಅಂತಾರೆ. ಇನ್ನೊಬ್ಬರು ಸಿನ್ಸಿನಾಟಿ ಕಡೆಯವರು, 1976ರ ರೆಡ್ಸ್ ಅಂತ ಹಟ ಹಿಡೀತಾರೆ. ಕ್ರಿಕೆಟ್ ನೋಡಿ ಬೆಳೆದ ನನಗೆ ಇದನ್ನು ತೂಗೋದು ಹೇಗೆ ಅಂತಾನೇ ಗೊತ್ತಾಗಲ್ಲ. ನಿಮ್ಮ ಅಭಿಪ್ರಾಯ ಏನು? ಹಾಗೇ, ಯಾಂಕೀಸ್‌ನ ಸಾರ್ವಕಾಲಿಕ ಲೈನಪ್ ನೀವಾದರೆ ಹೇಗೆ ಬರೀತೀರಿ?"

ನೇರವಾಗಿ ಹೇಳಿಬಿಡುತ್ತೇನೆ. ಒಂದೇ ಸೀಸನ್ನಿನ ಲೈನಪ್ ಅಂದರೆ ನನ್ನ ಓಟು 1976ರ ರೆಡ್ಸ್‌ಗೆ. ನಿಮ್ಮ ಸಿನ್ಸಿನಾಟಿ ಸಹೋದ್ಯೋಗಿ ಹೇಳೋದು ಸರಿ. 1927ರ ಯಾಂಕೀಸ್ ದೊಡ್ಡ ತಂಡವೇ, ಅದರಲ್ಲಿ ಅನುಮಾನ ಇಲ್ಲ. ಆದರೆ ಬ್ಯಾಟಿಂಗ್ ಲೈನಪ್ ಮಾತ್ರ ನೋಡಿದರೆ ಅದು ಯಾಂಕೀಸ್‌ನಲ್ಲೇ ಮೊದಲನೆಯದಲ್ಲ. 1931ರ ಯಾಂಕೀಸ್ ಲೈನಪ್ ಅದಕ್ಕಿಂತ ಗಟ್ಟಿ. ಹಾಗಾಗಿ ನಿಜವಾದ ಜಗಳ ನಡೀಬೇಕಾದ್ದು 1931ಕ್ಕೂ 1976ಕ್ಕೂ. ಯಾಕೆ ಅಂತ ವಿವರವಾಗಿ ಹೇಳುತ್ತೇನೆ.

ನೀವು ಕ್ರಿಕೆಟ್ ಬಲ್ಲವರಾದ್ದರಿಂದ ಒಂದು ವ್ಯತ್ಯಾಸ ಮೊದಲು ಮನಸ್ಸಲ್ಲಿಟ್ಟುಕೊಳ್ಳಿ. ಕ್ರಿಕೆಟ್‌ನಲ್ಲಿ ಮೇಲಿನ ಐದು ಜನ ಚೆನ್ನಾಗಿ ಆಡಿದರೆ ಬಾಲಂಗೋಚಿಗಳು ಪ್ಯಾಡ್ ಕಟ್ಟಿಕೊಂಡು ಕೂತೇ ಇರಬಹುದು. ಬೇಸ್‌ಬಾಲ್‌ನಲ್ಲಿ ಹಾಗಿಲ್ಲ. ಒಂಬತ್ತು ಜನ ಸರದಿ ಪ್ರಕಾರ ಸುತ್ತುತ್ತಲೇ ಇರುತ್ತಾರೆ, ಒಂಬತ್ತನೆಯವನಾದ ಮೇಲೆ ಮತ್ತೆ ಒಂದನೆಯವನು. ಒಂದು ಪಂದ್ಯದಲ್ಲಿ ಪ್ರತಿಯೊಬ್ಬನಿಗೂ ನಾಲ್ಕು ಸಲದಷ್ಟು ಅವಕಾಶ ಸಿಗುತ್ತದೆ. ಸ್ಥಾನ ಒಂದೊಂದೇ ಕೆಳಗಿಳಿದ ಹಾಗೆ ಇಡೀ ಸೀಸನ್‌ಗೆ 15-20 ಅವಕಾಶ ಕಮ್ಮಿಯಾಗುತ್ತದೆ ಅಷ್ಟೇ. ಅಂದರೆ ಎಂಟನೆಯವನು ದಂಡಪಿಂಡವಾಗಿದ್ದರೆ ಅವನನ್ನು ಬಚ್ಚಿಡೋಕೆ ಜಾಗವೇ ಇಲ್ಲ. ದಿನಾ ಮೂರು-ನಾಲ್ಕು ಸಲ ಬಂದು ಔಟಾಗಿ ಹೋಗುತ್ತಾನೆ. ತಂಡದ ಕೈಯಲ್ಲಿರೋದು ಒಟ್ಟು 27 ಔಟ್. ಅದನ್ನು ಯಾರು ಎಷ್ಟು ಸುಲಭವಾಗಿ ಬಿಟ್ಟುಕೊಡ್ತಾರೆ ಅನ್ನೋದರ ಮೇಲೆ ರನ್ ನಿಂತಿದೆ.

ಅದಕ್ಕೇ ನಾನು ಲೈನಪ್ ನೋಡುವಾಗ ಮೊದಲು ದೊಡ್ಡ ಹೆಸರುಗಳನ್ನು ನೋಡಲ್ಲ. ಎದುರಾಳಿ ಪಿಚರ್‌ಗೆ, ಅಂದರೆ ಚೆಂಡು ಎಸೆಯುವವನಿಗೆ, ಉಸಿರು ಬಿಡೋಕೆ ಎಲ್ಲಿ ಜಾಗ ಸಿಗುತ್ತೆ ಅಂತ ನೋಡುತ್ತೇನೆ. ಇದಕ್ಕೆ ಒಳ್ಳೆಯ ಅಳತೆ ಆನ್‌ಬೇಸ್ ಅಂಕಿ. ಒಬ್ಬ ಬ್ಯಾಟರ್ ಹಿಟ್ ಹೊಡೆದೋ, ವಾಕ್ (ಪಿಚರ್ ನಾಲ್ಕು ಚೆಂಡು ಗುರಿ ತಪ್ಪಿ ಎಸೆದಾಗ ಪುಕ್ಕಟೆ ಸಿಗೋ ಫಸ್ಟ್ ಬೇಸ್) ಪಡೆದೋ, ಚೆಂಡು ಮೈಗೆ ಬಿದ್ದೋ ಎಷ್ಟು ಸಲ ಬೇಸ್ (ರನ್ನಿಗೆ ಓಡುವ ದಾರಿಯ ನಿಲ್ದಾಣ) ತಲುಪಿದ ಅನ್ನೋ ಲೆಕ್ಕ ಅದು. .400 ಅಂದರೆ ಹತ್ತು ಸಲಕ್ಕೆ ನಾಲ್ಕು ಸಲ ಔಟಾಗದೆ ಉಳಿದ ಅಂತ, ಅದು ಬಹಳ ದೊಡ್ಡ ಮಾತು. .300ರ ಆಸುಪಾಸು ಅಂದರೆ ಕಷ್ಟ.

ಇನ್ನೊಂದು ವಿಷಯ. ಬೇರೆ ಬೇರೆ ಕಾಲದ ತಂಡಗಳನ್ನು ಬರೀ ರನ್ ಎಣಿಸಿ ಹೋಲಿಸಬಾರದು. 1930ರ ಆಸುಪಾಸಿನಲ್ಲಿ ಎಲ್ಲ ತಂಡಗಳೂ ರನ್ ಸುರಿಸುತ್ತಿದ್ದವು. 1976ರಲ್ಲಿ ನ್ಯಾಷನಲ್ ಲೀಗ್‌ನಲ್ಲಿ (ಮೇಜರ್ ಲೀಗ್‌ನ ಎರಡು ಭಾಗಗಳಲ್ಲಿ ರೆಡ್ಸ್ ಇರೋದು ಇದರಲ್ಲಿ, ಯಾಂಕೀಸ್ ಇರೋದು ಅಮೆರಿಕನ್ ಲೀಗ್‌ನಲ್ಲಿ) ಒಂದು ತಂಡ ಪಂದ್ಯಕ್ಕೆ ಸರಾಸರಿ ನಾಲ್ಕು ರನ್ ಹೊಡೆದರೆ ಹೆಚ್ಚು. ಹಾಗಾಗಿ ತನ್ನ ಕಾಲದ ತನ್ನ ಲೀಗ್‌ಗಿಂತ ಆ ತಂಡ ಎಷ್ಟು ಮೇಲಿತ್ತು ಅಂತ ಕೇಳಬೇಕು.

ಈಗ 1927. ಕೂಂಬ್ಸ್, ಕೋನಿಗ್, ಬೇಬ್ ರೂಥ್, ಲೂ ಗೆರಿಗ್, ಮ್ಯೂಸಲ್, ಲಝೆರಿ, ಡೂಗನ್, ಕಾಲಿನ್ಸ್. ಪತ್ರಿಕೆಗಳು ಇವರಿಗೆ 'ಮರ್ಡರರ್ಸ್ ರೋ' ಅಂತ ಹೆಸರಿಟ್ಟಿದ್ದವು. ತಂಡ 110 ಪಂದ್ಯ ಗೆದ್ದು 44 ಸೋತಿತು, ಎರಡೂ ಲೀಗ್‌ಗಳ ವಿಜೇತರು ಆಡುವ ಅಂತಿಮ ಸರಣಿ ವರ್ಲ್ಡ್ ಸೀರೀಸ್‌ನಲ್ಲಿ ಪಿಟ್ಸ್‌ಬರ್ಗ್ ಪೈರೇಟ್ಸ್ ತಂಡವನ್ನು 4-0 ಅಂತ ಗುಡಿಸಿಹಾಕಿತು. ರೂಥ್ ಒಬ್ಬರೇ 60 ಹೋಮ್ ರನ್ (ಕ್ರಿಕೆಟ್‌ನ ಸಿಕ್ಸರ್‌ನಂಥ ಹೊಡೆತ) ಹೊಡೆದರು. ಆ ವರ್ಷ ಅಮೆರಿಕನ್ ಲೀಗ್‌ನ ಉಳಿದ ಏಳು ತಂಡಗಳಲ್ಲಿ ಯಾವುದೂ, ಗಮನಿಸಿ, ಇಡೀ ತಂಡ ಸೇರಿ 60 ಹೊಡೆಯಲಿಲ್ಲ. ಗೆರಿಗ್ .373 ಬ್ಯಾಟಿಂಗ್ ಸರಾಸರಿ (ಸಾವಿರ ಪ್ರಯತ್ನಕ್ಕೆ 373 ಹಿಟ್), 47 ಹೋಮ್ ರನ್. ಇದನ್ನು ಕೇಳಿದವರು ಚರ್ಚೆ ಮುಗೀತು ಅಂದುಕೊಳ್ಳೋದು ಸಹಜ.

ಆದರೆ ರೂಥ್‌ಗಿಂತ ಮುಂಚೆ ಎರಡನೇ ಸ್ಥಾನದಲ್ಲಿ ಯಾರು ಬರುತ್ತಿದ್ದರು? ಶಾರ್ಟ್‌ಸ್ಟಾಪ್ (ಎರಡನೇ-ಮೂರನೇ ಬೇಸ್ ನಡುವೆ ನಿಲ್ಲುವ ಫೀಲ್ಡರ್) ಮಾರ್ಕ್ ಕೋನಿಗ್. ಆನ್‌ಬೇಸ್ .320. ಆ ಕಾಲದ ಲೀಗ್ ಸರಾಸರಿಗಿಂತ ಸಾಕಷ್ಟು ಕೆಳಗೆ. ಏಳನೇ ಸ್ಥಾನದ ಜೋ ಡೂಗನ್ ಕೂಡ ಅದೇ ಮಟ್ಟ. ಕ್ಯಾಚರ್ (ವಿಕೆಟ್‌ಕೀಪರ್‌ನಂಥವನು) ಜಾಗವನ್ನು ಮೂವರು ಹಂಚಿಕೊಂಡಿದ್ದರು. ಕೊನೆಗೆ ಪಿಚರ್. ಅಂದರೆ ಪ್ರಪಂಚದ ಇಬ್ಬರು ಅತಿ ದೊಡ್ಡ ಹೊಡೆತಗಾರರ ಸುತ್ತ ನಾಲ್ಕು ಕಡೆ ಉಸಿರು ಬಿಡೋ ಜಾಗ ಇತ್ತು. ಆ ತಂಡ ಪಂದ್ಯಕ್ಕೆ ಸುಮಾರು 6.3 ರನ್ ಹೊಡೆಯಿತು, ಲೀಗ್ ಸರಾಸರಿ 4.9. ನೂರಕ್ಕೆ 28ರಷ್ಟು ಮೇಲೆ. ಅದ್ಭುತ, ಆದರೆ ಇನ್ನೂ ಮೇಲೆ ಹೋದವರಿದ್ದಾರೆ.

1931ರ ಯಾಂಕೀಸ್ ಕತೆ ಜಾಸ್ತಿ ಜನಕ್ಕೆ ಗೊತ್ತಿಲ್ಲ, ಯಾಕೆಂದರೆ ಅವರು ಲೀಗನ್ನೇ ಗೆಲ್ಲಲಿಲ್ಲ. ಫಿಲಡೆಲ್ಫಿಯಾ ಅಥ್ಲೆಟಿಕ್ಸ್ 107 ಗೆದ್ದು ಮುಂದೆ ಹೋಯಿತು, ಇವರದು 94. ಸೋತವರನ್ನು ಯಾರು ನೆನಪಿಡ್ತಾರೆ? ಆದರೆ ಆ ವರ್ಷ ಅವರು ಹೊಡೆದ ರನ್ 1067. 1900ರಿಂದ ಈಚೆಗೆ ಯಾವ ತಂಡವೂ ಅದನ್ನು ಮುಟ್ಟಿಲ್ಲ, ಅದೂ ಈಗಿನ 162 ಪಂದ್ಯದ ಸೀಸನ್‌ಗಳಲ್ಲೂ. ಕೋನಿಗ್ ಜಾಗಕ್ಕೆ ಲಿನ್ ಲ್ಯಾರಿ ಬಂದಿದ್ದರು, ತಮ್ಮ ಹೊಡೆತಗಳಿಂದ ತಂಡಕ್ಕೆ 107 ರನ್ (ಇದನ್ನೇ ಆರ್‌ಬಿಐ ಅಂತಾರೆ) ತಂದುಕೊಟ್ಟ ಶಾರ್ಟ್‌ಸ್ಟಾಪ್. ಡೂಗನ್ ಜಾಗಕ್ಕೆ ಜೋ ಸ್ಯೂವೆಲ್. ಈ ಸ್ಯೂವೆಲ್ ಮಾರನೇ ವರ್ಷ, 1932ರಲ್ಲಿ, ಇಡೀ ಸೀಸನ್‌ನಲ್ಲಿ ಸ್ಟ್ರೈಕ್‌ಔಟ್ (ಚೆಂಡು ಆಡಲಾಗದೆ ಮೂರು ಸ್ಟ್ರೈಕ್‌ಗೆ ಔಟ್) ಆಗಿದ್ದು 3 ಸಲ. ಈಗಿನವರು ಒಂದೇ ಪಂದ್ಯದಲ್ಲಿ ಅಷ್ಟು ಆಗಿಬಿಡುತ್ತಾರೆ. ಕ್ಯಾಚರ್ ಜಾಗದಲ್ಲಿ .327 ಹೊಡೆದ ಬಿಲ್ ಡಿಕಿ. 61 ಬೇಸ್ ಕದ್ದ (ಪಿಚರ್ ಎಸೆಯುವಾಗಲೇ ಮುಂದಿನ ಬೇಸ್‌ಗೆ ಓಡಿ ಸೇರಿದ) ಬೆನ್ ಚಾಪ್‌ಮನ್. ಪಿಚರ್‌ಗಳಲ್ಲಿ ರೆಡ್ ರಫಿಂಗ್ ಅಂತ ಒಬ್ಬರಿದ್ದರು, ವೃತ್ತಿಜೀವನದಲ್ಲಿ 36 ಹೋಮ್ ರನ್ ಹೊಡೆದವರು. ಅವರು ಆಡಿದ ದಿನ ಒಂಬತ್ತನೇ ಸ್ಥಾನದಲ್ಲೂ ಎದುರಾಳಿಗೆ ನೆಮ್ಮದಿ ಇಲ್ಲ.

ಈ ಲೈನಪ್ ಎಷ್ಟು ಬಿಗಿಯಾಗಿತ್ತು ಅಂತ ತೋರಿಸೋಕೆ ಒಂದೇ ಸಂಗತಿ ಸಾಕು. 1931ರ ಆಗಸ್ಟ್‌ನಿಂದ 1933ರ ಆಗಸ್ಟ್‌ವರೆಗೆ, ಸಾಲಾಗಿ 308 ಪಂದ್ಯ, ಯಾಂಕೀಸನ್ನು ಸೊನ್ನೆಗೆ ನಿಲ್ಲಿಸಲು ಯಾರಿಗೂ ಆಗಲಿಲ್ಲ. ಕೊನೆಗೆ ಆ ಸರಣಿ ಮುರಿದಿದ್ದು ಲೆಫ್ಟಿ ಗ್ರೋವ್, ಅಂಥ ಪಿಚರ್ರೇ ಬೇಕಾಯಿತು.

ಅದೇ ಸೀಸನ್‌ನ ಒಂದು ಘಟನೆ ನಿಮ್ಮ ಊಟದ ಮೇಜಿಗೆ ಒಳ್ಳೆ ಸರಕು. ಏಪ್ರಿಲ್ 26, ವಾಷಿಂಗ್ಟನ್‌ನಲ್ಲಿ ಪಂದ್ಯ. ಎರಡು ಔಟಾಗಿದೆ, ಲ್ಯಾರಿ ಬೇಸ್ ಮೇಲಿದ್ದಾರೆ. ಗೆರಿಗ್ ಸೆಂಟರ್ ಫೀಲ್ಡ್ ಕಡೆ ಬಾರಿಸಿದ ಚೆಂಡು ಪ್ರೇಕ್ಷಕರ ಗ್ಯಾಲರಿಗೆ ಬಿದ್ದು, ಅಲ್ಲಿಂದ ಪುಟಿದು ಮತ್ತೆ ಮೈದಾನಕ್ಕೆ ಬಂದು ಫೀಲ್ಡರ್ ಕೈ ಸೇರಿತು. ಲ್ಯಾರಿ ತಿರುಗಿ ನೋಡಿದಾಗ ಕಂಡಿದ್ದು ಫೀಲ್ಡರ್ ಕೈಯಲ್ಲಿ ಚೆಂಡು. ಕ್ಯಾಚ್ ಆಯ್ತು, ಇನಿಂಗ್ಸ್ ಮುಗೀತು ಅಂದುಕೊಂಡು ಮೂರನೇ ಬೇಸ್ ದಾಟಿ ಸೀದಾ ಡಗ್‌ಔಟ್‌ಗೆ ನಡೆದುಬಿಟ್ಟರು. ಗೆರಿಗ್ ತಲೆ ತಗ್ಗಿಸಿಕೊಂಡು ಓಡುತ್ತಲೇ ಇದ್ದರು. ಮುಂದಿನ ಓಟಗಾರನನ್ನು ದಾಟಿದ್ದಕ್ಕೆ ಅಂಪೈರ್ ಅವರನ್ನೇ ಔಟ್ ಕೊಟ್ಟರು. ಹೋಮ್ ರನ್ ಹೋಗಿ ಅದು ಟ್ರಿಪಲ್ (ಮೂರನೇ ಬೇಸ್‌ವರೆಗಿನ ಹೊಡೆತ) ಅಂತ ದಾಖಲಾಯಿತು. ಸೀಸನ್ ಮುಗಿದಾಗ ರೂಥ್ 46, ಗೆರಿಗ್ 46. ಆ ಒಂದು ಸೇರಿದ್ದರೆ ಗೆರಿಗ್ ಒಬ್ಬರೇ ಲೀಗ್‌ನ ಮೊದಲಿಗರು.

ಲೀಗ್ ಜೊತೆ ಹೋಲಿಸಿದರೆ 1931ರ ಈ ತಂಡ ಮೂರರಲ್ಲಿ ಒಂದು ಪಾಲಿನಷ್ಟು ಮೇಲೆ: ಪಂದ್ಯಕ್ಕೆ 6.9 ಹತ್ತಿರ, ಲೀಗ್ ಸರಾಸರಿ 5.1. ಈ ಮಟ್ಟ ಮುಟ್ಟಿದ ಇನ್ನೊಂದು ದೊಡ್ಡ ಲೈನಪ್ಪೇ 1976ರ ರೆಡ್ಸ್. 857 ರನ್, ಪಂದ್ಯಕ್ಕೆ 5.3, ಲೀಗ್ ಸರಾಸರಿ 4ಕ್ಕೆ ಒಂದು ಕೂದಲು ಕಮ್ಮಿ. ಲೆಕ್ಕದಲ್ಲಿ ಎರಡೂ ಹೆಚ್ಚುಕಮ್ಮಿ ಸಮ.

ಮಧ್ಯದಲ್ಲಿ ಬೇರೆ ಹೆಸರುಗಳೂ ಬರುತ್ತವೆ, ಬೇಗ ಮುಗಿಸುತ್ತೇನೆ. 1961ರ ಯಾಂಕೀಸ್ ಬಗ್ಗೆ ಯಾರಾದರೂ ಮಾತೆತ್ತಿದರೆ ನಯವಾಗಿ ತಡೆಯಿರಿ. ರೋಜರ್ ಮ್ಯಾರಿಸ್ 61, ಮಿಕಿ ಮ್ಯಾಂಟಲ್ 54, ತಂಡದ್ದು 240 ಹೋಮ್ ರನ್, ಆಗಿನ ದಾಖಲೆ. ಆದರೆ ಮೊದಲ ಸ್ಥಾನದಲ್ಲಿ ಬಂದ ಬಾಬಿ ರಿಚರ್ಡ್‌ಸನ್ ಆನ್‌ಬೇಸ್ .295, ಟೋನಿ ಕ್ಯೂಬೆಕ್ .306. ಇಬ್ಬರೂ ಔಟಾಗಿ ಹೋದ ಮೇಲೆ ಮ್ಯಾರಿಸ್ ಖಾಲಿ ಬೇಸ್‌ಗಳ ಮುಂದೆ ಬಾರಿಸಿದರೆ ಏನು ಬಂತು? ಆ ವರ್ಷ ಅಮೆರಿಕನ್ ಲೀಗ್‌ನಲ್ಲಿ ಅತಿ ಹೆಚ್ಚು ರನ್ ಹೊಡೆದಿದ್ದು ಡೆಟ್ರಾಯಿಟ್, ಯಾಂಕೀಸ್ ಅಲ್ಲ. 1999ರ ಕ್ಲೀವ್‌ಲ್ಯಾಂಡ್ 1009 ರನ್ ಹೊಡೆಯಿತು, ಆದರೆ ಆಗ ಎಲ್ಲರೂ ಹೊಡೆಯುತ್ತಿದ್ದ ಕಾಲ. 2023ರ ಅಟ್ಲಾಂಟಾ ಬ್ರೇವ್ಸ್ ನಿಜಕ್ಕೂ ಗೌರವಕ್ಕೆ ಯೋಗ್ಯ: 307 ಹೋಮ್ ರನ್, ಸ್ಲಗ್ಗಿಂಗ್ (ಹೊಡೆತದ ಬಲದ ಅಳತೆ) .501, ಅಷ್ಟು ಮುಟ್ಟಿದ ಮೊದಲ ತಂಡ. ಲೀಗ್‌ಗಿಂತ ಕಾಲು ಪಾಲು ಮೇಲೆ. ಇನ್ನು ಹತ್ತು ವರ್ಷ ಬಿಟ್ಟು ಇವರ ಬೆಲೆ ಇನ್ನೂ ಏರುತ್ತದೆ ಅಂತ ನನ್ನ ನಂಬಿಕೆ.

1953ರ ಬ್ರೂಕ್ಲಿನ್ ಡಾಜರ್ಸ್‌ಗೆ ನನ್ನ ಮೂರನೇ ಸ್ಥಾನ. 955 ರನ್. ರಾಯ್ ಕ್ಯಾಂಪನೆಲ್ಲಾ ಕ್ಯಾಚರ್ ಆಗಿದ್ದುಕೊಂಡು 41 ಹೋಮ್ ರನ್, ಡ್ಯೂಕ್ ಸ್ನೈಡರ್ 42, ಕಾರ್ಲ್ ಫ್ಯೂರಿಲೊ .344, ಜಾಕಿ ರಾಬಿನ್‌ಸನ್ .329. ಎಬೆಟ್ಸ್ ಫೀಲ್ಡ್ ಚಿಕ್ಕ ಮೈದಾನ, ಅದರಿಂದ ಸ್ವಲ್ಪ ಸಹಾಯ ಸಿಕ್ಕಿತ್ತು. ಆದರೂ ಈ ಲೈನಪ್ ನೋಡಿದರೆ ನನಗೆ ಬಹಳ ಅಭಿಮಾನ, ಅದಕ್ಕೆ ಕಾರಣ ಮುಂದೆ ಬರುತ್ತದೆ.

ಈಗ ರೆಡ್ಸ್. ಪೀಟ್ ರೋಸ್, ಕೆನ್ ಗ್ರಿಫಿ, ಜೋ ಮಾರ್ಗನ್, ಟೋನಿ ಪೆರೆಜ್, ಜಾರ್ಜ್ ಫಾಸ್ಟರ್, ಜಾನಿ ಬೆಂಚ್, ಸೀಸರ್ ಜೆರೊನಿಮೊ, ಡೇವ್ ಕನ್‌ಸೆಪ್ಸಿಯಾನ್. ಇವರನ್ನು 'ಗ್ರೇಟ್ ಎಯ್ಟ್' ಅಂತ ಕರೆಯುತ್ತಾರೆ. ಈ ಲೈನಪ್ ಸುಮ್ನೆ ಹುಟ್ಟಲಿಲ್ಲ. 1971ರ ನವೆಂಬರ್‌ನಲ್ಲಿ ಹ್ಯೂಸ್ಟನ್ ಜೊತೆ ದೊಡ್ಡ ಅದಲುಬದಲು ಮಾಡಿ ಮಾರ್ಗನ್ ಮತ್ತು ಜೆರೊನಿಮೊ ಇಬ್ಬರನ್ನೂ ತಂದರು. ಆಗ ಸಿನ್ಸಿನಾಟಿ ಬಿಟ್ಟುಕೊಟ್ಟಿದ್ದು ಲೀ ಮೇ ಅನ್ನೋ ಭಾರಿ ಹೊಡೆತಗಾರನನ್ನು. ಲೀ ಮೇ ಹೋದದ್ದರಿಂದ ಪೆರೆಜ್ ಫಸ್ಟ್ ಬೇಸ್‌ಗೆ ಬಂದರು. ಆಮೇಲೆ 1975ರ ಮೇ ತಿಂಗಳಲ್ಲಿ ಮ್ಯಾನೇಜರ್ ಸ್ಪಾರ್ಕಿ ಆಂಡರ್‌ಸನ್ ಮಾಡಿದ ಕೆಲಸ ನೋಡಿ. ಲೆಫ್ಟ್ ಫೀಲ್ಡ್‌ನಲ್ಲಿದ್ದ ರೋಸ್ ಅವರನ್ನು ಥರ್ಡ್ ಬೇಸ್‌ಗೆ ಬರ್ತೀರಾ ಅಂತ ಕೇಳಿದರು. ಎಂವಿಪಿ (ಲೀಗ್‌ನ ವರ್ಷದ ಅತಿ ಮೌಲ್ಯದ ಆಟಗಾರ ಪ್ರಶಸ್ತಿ) ಗೆದ್ದ ಆಟಗಾರ, ವಯಸ್ಸು 34. ರೋಸ್ ಒಪ್ಪಿಕೊಂಡರು. ಲೆಫ್ಟ್ ಫೀಲ್ಡ್ ಖಾಲಿಯಾಯಿತು, ಫಾಸ್ಟರ್‌ಗೆ ದಿನಾ ಆಡೋಕೆ ಜಾಗ ಸಿಕ್ಕಿತು. 1976ರಲ್ಲಿ ಅದೇ ಫಾಸ್ಟರ್ 121 ಆರ್‌ಬಿಐ ತಂದು ಲೀಗ್‌ಗೆ ಮೊದಲಿಗರಾದರು, 1977ರಲ್ಲಿ 52 ಹೋಮ್ ರನ್ ಹೊಡೆದು ಎಂವಿಪಿ ಆದರು. ಒಂದು ಫೀಲ್ಡಿಂಗ್ ಬದಲಾವಣೆ ಇಡೀ ಬ್ಯಾಟಿಂಗ್ ಲೈನಪ್ಪಿನ ಒಂದೇ ಒಂದು ತೂತನ್ನು ಮುಚ್ಚಿತು.

ಈ ಲೈನಪ್ಪಿನ ಜೀವ ಮಾರ್ಗನ್. ಕುಳ್ಳ ಮನುಷ್ಯ, ಸೆಕೆಂಡ್ ಬೇಸ್, ಚೆಂಡಿಗೆ ಕಾಯುವಾಗ ಎಡ ಮೊಣಕೈಯನ್ನು ಪಟಪಟ ಬಡಿಯೋ ಅಭ್ಯಾಸ. 1975ರಲ್ಲಿ ಅವರ ಆನ್‌ಬೇಸ್ .466, 1976ರಲ್ಲಿ .444. 1976ರಲ್ಲಿ .320 ಸರಾಸರಿ, 27 ಹೋಮ್ ರನ್, 111 ಆರ್‌ಬಿಐ, 60 ಬೇಸ್ ಕದ್ದದ್ದು, 114 ವಾಕ್. ಎರಡೂ ವರ್ಷ ಎಂವಿಪಿ. ಪಿಚರ್ ಇವರಿಗೆ ಚೆಂಡು ಕೊಟ್ಟರೆ ಹೊಡೀತಾರೆ, ಕೊಡದಿದ್ದರೆ ನಡೆದು ಫಸ್ಟ್ ಬೇಸ್‌ಗೆ ಹೋಗಿ ಅಲ್ಲಿಂದ ಸೆಕೆಂಡ್ ಕದೀತಾರೆ. ಸೆಕೆಂಡ್ ಬೇಸ್‌ನಲ್ಲಿ ಆಡುವವನೊಬ್ಬ ಲೀಗ್‌ನ ಅತ್ಯುತ್ತಮ ಬ್ಯಾಟರ್ ಆಗಿರೋದು ಎಷ್ಟು ಅಪರೂಪ ಅಂತ ಹೇಳಿ ಮುಗಿಯಲ್ಲ.

ಉಳಿದವರೂ ಹಾಗೇ. 1976ರಲ್ಲಿ ಎಂಟರಲ್ಲಿ ಐವರು .300 ದಾಟಿದರು: ರೋಸ್ .323, ಗ್ರಿಫಿ .336, ಮಾರ್ಗನ್ .320, ಫಾಸ್ಟರ್ .306, ಜೆರೊನಿಮೊ .307. ಜೆರೊನಿಮೊ ಯಾರು ಗೊತ್ತಾ? ಕೆಳಗೆ ಏಳು-ಎಂಟರಲ್ಲಿ ಬರುತ್ತಿದ್ದವರು, ಫೀಲ್ಡಿಂಗ್‌ಗೆ ಅಂತ ತಂಡದಲ್ಲಿದ್ದವರು. ರನ್, ಹೋಮ್ ರನ್, ವಾಕ್, ಕದ್ದ ಬೇಸ್, ಎಲ್ಲದರಲ್ಲೂ ಲೀಗ್‌ಗೆ ಇವರೇ ಮೊದಲು. ಬಲ ಇರೋ ತಂಡಕ್ಕೆ ವೇಗ ಇರಲ್ಲ, ವೇಗ ಇರೋ ತಂಡಕ್ಕೆ ಬಲ ಇರಲ್ಲ. ಇವರಿಗೆ ಎರಡೂ ಇತ್ತು.

ಗ್ರಿಫಿಯ .336 ಹಿಂದೆ ಒಂದು ನೋವಿನ ಕತೆ ಇದೆ. ಸೀಸನ್‌ನ ಕೊನೆಯ ದಿನ, ಅಕ್ಟೋಬರ್ 3, ಬ್ಯಾಟಿಂಗ್ ಪಟ್ಟಕ್ಕೆ ಗ್ರಿಫಿ ಮುಂದಿದ್ದರು. ಆ ಮುನ್ನಡೆ ಕಾಪಾಡಲು ಅವರನ್ನು ಆಡಿಸದೆ ಬೆಂಚಿನಲ್ಲಿ ಕೂರಿಸಿದರು. ಅತ್ತ ಶಿಕಾಗೋ ಕಬ್ಸ್‌ನ ಬಿಲ್ ಮ್ಯಾಡ್ಲಾಕ್ ನಾಲ್ಕಕ್ಕೆ ನಾಲ್ಕು ಹಿಟ್ ಹೊಡೆದು .339ಕ್ಕೆ ಏರಿಬಿಟ್ಟರು. ಸುದ್ದಿ ಬಂದ ಮೇಲೆ ಗ್ರಿಫಿಯನ್ನು ಅವಸರದಲ್ಲಿ ಕಣಕ್ಕಿಳಿಸಿದರು. ಎರಡು ಸಲ ಬಂದು ಎರಡು ಸಲವೂ ಔಟ್. ಪಟ್ಟ ಹೋಯಿತು.

ನಿಮ್ಮ ಯಾಂಕೀಸ್ ಗೆಳೆಯರು ಇಲ್ಲಿ ಒಂದು ಪಟ್ಟು ಹಾಕುತ್ತಾರೆ: ಬೆಂಚ್ ಆ ವರ್ಷ .234 ತಾನೇ ಹೊಡೆದಿದ್ದು, ಹೋಮ್ ರನ್ 16 ತಾನೇ? ನಿಜ. ಅದು ಅವರ ಕೆಟ್ಟ ವರ್ಷ. ಆದರೆ ವರ್ಲ್ಡ್ ಸೀರೀಸ್‌ನಲ್ಲಿ ಏನಾಯಿತು ಕೇಳಿ. ಎದುರಾಳಿ ಯಾಂಕೀಸೇ. ಬೆಂಚ್ ಬಂದಿದ್ದು ಏಳನೇ ಸ್ಥಾನದಲ್ಲಿ. ಎರಡು ಸಲ ಎಂವಿಪಿ ಗೆದ್ದ ಕ್ಯಾಚರ್ ಏಳನೆಯವರು! .533 ಹೊಡೆದರು, ನಾಲ್ಕನೇ ಪಂದ್ಯದಲ್ಲಿ ಎರಡು ಹೋಮ್ ರನ್, ಸೀರೀಸ್‌ನ ಎಂವಿಪಿ. ಯಾಂಕೀಸ್ ಕ್ಯಾಚರ್ ಥರ್ಮನ್ ಮನ್ಸನ್ ಕೂಡ .529 ಹೊಡೆದರು, ಆದರೆ ಅವರ ಸುತ್ತ ಯಾರೂ ನಿಲ್ಲಲಿಲ್ಲ. ರೆಡ್ಸ್ 4-0. ಅದಕ್ಕೂ ಮುಂಚೆ ಫಿಲಡೆಲ್ಫಿಯಾ ವಿರುದ್ಧ 3-0. ಅಕ್ಟೋಬರ್‌ನಲ್ಲಿ ಏಳು ಪಂದ್ಯ, ಏಳೂ ಗೆಲುವು.

ಹಾಗಾದರೆ 1931ರ ಯಾಂಕೀಸ್ ಮತ್ತು 1976ರ ರೆಡ್ಸ್ ಲೆಕ್ಕದಲ್ಲಿ ಸಮ ಅಂತ ನಾನೇ ಹೇಳಿ, ರೆಡ್ಸ್‌ಗೆ ಯಾಕೆ ಓಟು? ಇಲ್ಲೇ ನನ್ನ ಮುಖ್ಯ ವಾದ ಇರೋದು. 1931ರಲ್ಲಿ ಆ ಲೀಗ್‌ಗಳಲ್ಲಿ ಒಬ್ಬನೇ ಒಬ್ಬ ಕಪ್ಪು ಆಟಗಾರ ಇರಲಿಲ್ಲ. ಬರಲು ಬಿಡುತ್ತಿರಲಿಲ್ಲ. ಗೆರಿಗ್ ಮತ್ತು ರೂಥ್ ಎದುರಿಸಿದ ಪಿಚರ್‌ಗಳಲ್ಲಿ ಆ ಕಾಲದ ದೊಡ್ಡ ಕಪ್ಪು ಪಿಚರ್ ಸ್ಯಾಚಲ್ ಪೇಜ್ ಇಲ್ಲ. ಲೀಗ್ ಸರಾಸರಿ ಅಂತ ನಾವು ಹಿಡಿದುಕೊಂಡ ಅಳತೆಗೋಲೇ ಮೋಟಾಗಿತ್ತು. ಅದರಿಂದ ರೂಥ್ ಸಣ್ಣವರಾಗಲ್ಲ. ಆದರೆ 'ಲೀಗ್‌ಗಿಂತ ಮೂರರಲ್ಲಿ ಒಂದು ಪಾಲು ಮೇಲೆ' ಅನ್ನೋ ಮಾತಿಗೆ ಎರಡೂ ಕಾಲದಲ್ಲಿ ಒಂದೇ ತೂಕ ಇಲ್ಲ. 1976ರ ರೆಡ್ಸ್ ಲೈನಪ್ಪನ್ನೇ ನೋಡಿ: ಮಾರ್ಗನ್, ಗ್ರಿಫಿ, ಫಾಸ್ಟರ್ ಕಪ್ಪು ಅಮೆರಿಕನ್ನರು, ಪೆರೆಜ್ ಕ್ಯೂಬಾದವರು, ಕನ್‌ಸೆಪ್ಸಿಯಾನ್ ವೆನೆಜುವೆಲಾ, ಜೆರೊನಿಮೊ ಡೊಮಿನಿಕನ್ ರಿಪಬ್ಲಿಕ್. ಎದುರಾಳಿ ತಂಡಗಳೂ ಹಾಗೇ ತುಂಬಿದ್ದವು. ಎಲ್ಲರೂ ಇದ್ದ ಕಣದಲ್ಲಿ ಎಲ್ಲರಿಗಿಂತ ಅಷ್ಟು ಮೇಲೆ ನಿಂತ ಲೈನಪ್ ಇದು.

1953ರ ಡಾಜರ್ಸ್ ಮೇಲೆ ನನಗಿರೋ ಅಭಿಮಾನಕ್ಕೂ ಇದೇ ಕಾರಣ. ರಾಬಿನ್‌ಸನ್ 1947ರ ಏಪ್ರಿಲ್ 15ರಂದು ಬಾಗಿಲು ತೆರೆದರು. ಆರು ವರ್ಷದ ನಂತರವೂ 16 ತಂಡಗಳಲ್ಲಿ ಅರ್ಧಕ್ಕಿಂತ ಜಾಸ್ತಿ ತಂಡಗಳು ಒಬ್ಬ ಕಪ್ಪು ಆಟಗಾರನನ್ನೂ ಕಣಕ್ಕಿಳಿಸಿರಲಿಲ್ಲ. ಯಾಂಕೀಸ್ ಎಲ್ಸ್ಟನ್ ಹೋವರ್ಡ್ ಅವರನ್ನು ಆಡಿಸಿದ್ದು 1955ರಲ್ಲಿ.

ಹೀಗೆ ಹೇಳಿದ ಮೇಲೆ 1935ರ ಪಿಟ್ಸ್‌ಬರ್ಗ್ ಕ್ರಾಫರ್ಡ್ಸ್ ಹೆಸರು ಹೇಳದೆ ಮುಂದೆ ಹೋಗುವಂತಿಲ್ಲ. ಹೊರಗಿಟ್ಟ ಕಪ್ಪು ಆಟಗಾರರು ಆಡುತ್ತಿದ್ದ ನೀಗ್ರೋ ಲೀಗ್‌ನ ತಂಡ. ಕ್ಯಾಚರ್ ಜಾಶ್ ಗಿಬ್ಸನ್, ಫಸ್ಟ್ ಬೇಸ್‌ನಲ್ಲಿ ಆಸ್ಕರ್ ಚಾರ್ಲ್ಸ್‌ಟನ್, ಥರ್ಡ್ ಬೇಸ್‌ನಲ್ಲಿ ಜೂಡಿ ಜಾನ್‌ಸನ್, ಸೆಂಟರ್ ಫೀಲ್ಡ್‌ನಲ್ಲಿ ಕೂಲ್ ಪಾಪಾ ಬೆಲ್. ನಾಲ್ವರೂ ಹಾಲ್ ಆಫ್ ಫೇಮ್‌ನಲ್ಲಿದ್ದಾರೆ. ಬಹಳ ವರ್ಷ ಇವರ ಅಂಕಿಗಳನ್ನು ಮೇಜರ್ ಲೀಗ್ ಲೆಕ್ಕಕ್ಕೇ ತೆಗೆದುಕೊಂಡಿರಲಿಲ್ಲ. 2020ರ ಡಿಸೆಂಬರ್‌ನಲ್ಲಿ ಈ ಲೀಗ್‌ಗಳಿಗೆ ಮೇಜರ್ ಲೀಗ್ ಮಾನ್ಯತೆ ಸಿಕ್ಕಿತು, 2024ರಲ್ಲಿ ಅಂಕಿಗಳು ಅಧಿಕೃತ ದಾಖಲೆಗೆ ಸೇರಿದವು. ಈಗ ಜೀವನಪೂರ್ತಿ ಬ್ಯಾಟಿಂಗ್ ಸರಾಸರಿಯಲ್ಲಿ ಮೊದಲ ಹೆಸರು ಗಿಬ್ಸನ್, .372. ಟೈ ಕಾಬ್ ಎರಡನೆಯವರು. ಅಧಿಕೃತ ಪಂದ್ಯಗಳು ಕಮ್ಮಿ ಇದ್ದುದರಿಂದ ನಾನು ಈ ತಂಡವನ್ನು ರೆಡ್ಸ್ ಪಕ್ಕ ಇಟ್ಟು ಅಂಕಿ ಹೋಲಿಸಲ್ಲ. ಆದರೆ ಯಾರಾದರೂ ಕ್ರಾಫರ್ಡ್ಸೇ ಶ್ರೇಷ್ಠ ಅಂದರೆ ನಾನು ತಲೆ ಅಲ್ಲಾಡಿಸಿ ಒಪ್ಪುತ್ತೇನೆ, ಜಗಳಕ್ಕೆ ಹೋಗಲ್ಲ.

ಇನ್ನು ನಿಮ್ಮ ಎರಡನೇ ಪ್ರಶ್ನೆ, ಯಾಂಕೀಸ್ ಸಾರ್ವಕಾಲಿಕ ಲೈನಪ್. ಇಲ್ಲಿ ಎಲ್ಲರೂ ಎಡವೋದು ಲೆಫ್ಟ್ ಫೀಲ್ಡ್‌ನಲ್ಲಿ. ರೈಟ್ ಫೀಲ್ಡ್‌ಗೆ ರೂಥ್ ಅಂತ ಕಣ್ಣು ಮುಚ್ಚಿ ಬರೆದು, ಆರನ್ ಜಡ್ಜ್‌ನಂಥವರನ್ನು ಹೊರಗೆ ಕೂರಿಸಿ, ಲೆಫ್ಟ್‌ಗೆ ಯಾರು ಅಂತ ತಡಕಾಡುತ್ತಾರೆ. ಕೆಲವರು ರಿಕಿ ಹೆಂಡರ್‌ಸನ್ ಅಂತಾರೆ. 1985ರಲ್ಲಿ 143 ಪಂದ್ಯದಲ್ಲಿ 146 ರನ್ ಹೊಡೆದ ಮನುಷ್ಯ, ಆದರೆ ಯಾಂಕೀಸ್‌ನಲ್ಲಿ ಪೂರ್ತಿ ಆಡಿದ್ದು ನಾಲ್ಕೇ ಸೀಸನ್. ನನ್ನ ಪರಿಹಾರ ಸುಲಭ. ರೂಥ್ ಅವರನ್ನೇ ಲೆಫ್ಟ್‌ಗೆ ಕಳಿಸಿ. ಇದು ಕಟ್ಟುಕತೆಯ ಸ್ಥಾನ ಅಲ್ಲ, ಅವರು ಅಲ್ಲಿ ಸಾವಿರದಷ್ಟು ಪಂದ್ಯ ನಿಜವಾಗಿಯೂ ಆಡಿದ್ದಾರೆ. ಯಾಂಕೀ ಸ್ಟೇಡಿಯಂನಲ್ಲಿ ಲೆಫ್ಟ್ ಫೀಲ್ಡ್‌ಗೆ ಬಿಸಿಲು ಕಣ್ಣಿಗೆ ಹೊಡೆಯುತ್ತಿತ್ತು, ಹಾಗಾಗಿ ರೂಥ್ ರೈಟ್‌ನಲ್ಲಿ. ರೈಟ್‌ನಲ್ಲಿ ಬಿಸಿಲು ಹೊಡೆಯುವ ಬೇರೆ ಊರಿನ ಮೈದಾನಗಳಲ್ಲಿ ಅವರು ಲೆಫ್ಟ್‌ಗೆ, ಮ್ಯೂಸಲ್ ರೈಟ್‌ಗೆ. ಅವರ ಕಣ್ಣು ಕಾಪಾಡಲು ತಂಡವೇ ಮಾಡಿದ ಏರ್ಪಾಡು ಅದು. ಹಾಗಾಗಿ ಜಡ್ಜ್ ನೆಮ್ಮದಿಯಾಗಿ ರೈಟ್‌ನಲ್ಲಿ ನಿಲ್ಲಬಹುದು. 2022ರಲ್ಲಿ 62 ಹೋಮ್ ರನ್, 2022, 2024, 2025ರ ಎಂವಿಪಿ. ಅವರನ್ನು ಹೊರಗಿಡೋದು ಈಗ ಯಾವ ನ್ಯಾಯಕ್ಕೂ ಸರಿಯಲ್ಲ.

ಸೆಂಟರ್ ಫೀಲ್ಡ್‌ನಲ್ಲಿ ಜೋ ಡಿಮ್ಯಾಜಿಯೊ, ಡಿಎಚ್ (ಫೀಲ್ಡಿಂಗ್ ಇಲ್ಲದೆ ಪಿಚರ್ ಬದಲು ಬ್ಯಾಟ್ ಮಾತ್ರ ಹಿಡಿಯುವವನು) ಆಗಿ ಮ್ಯಾಂಟಲ್. ಬ್ಯಾಟರ್ ಆಗಿ ಮ್ಯಾಂಟಲ್ ಮೇಲು ಅಂತ ನನ್ನ ಲೆಕ್ಕ. 1956ರ ಅವರ ಸೀಸನ್, .353, 52 ಹೋಮ್ ರನ್, 130 ಆರ್‌ಬಿಐ, ಮೂರರಲ್ಲೂ ಲೀಗ್‌ಗೆ ಮೊದಲು. ಆದರೆ ಅವರ ಮಂಡಿ 1951ರ ವರ್ಲ್ಡ್ ಸೀರೀಸ್‌ನಲ್ಲೇ ಹೋಯಿತು. ವಿಲ್ಲಿ ಮೇಸ್ ಹೊಡೆದ ಚೆಂಡಿಗೆ ಓಡುವಾಗ ಡಿಮ್ಯಾಜಿಯೊಗೆ ಜಾಗ ಬಿಡಲು ಹೋಗಿ ಚರಂಡಿ ಮುಚ್ಚಳಕ್ಕೆ ಕಾಲು ಸಿಕ್ಕಿಕೊಂಡಿತು. ಆ ಮಂಡಿಗೆ ಡಿಎಚ್ ಕೆಲಸವೇ ಸರಿ. ಡಿಮ್ಯಾಜಿಯೊ ಬಗ್ಗೆ 1941ರ 56 ಪಂದ್ಯದ ಹಿಟ್ ಸರಣಿ ಎಲ್ಲರೂ ಹೇಳ್ತಾರೆ. ನಾನು ಬೇರೆ ಅಂಕಿ ತೋರಿಸುತ್ತೇನೆ: ತವರಲ್ಲಿ 148 ಹೋಮ್ ರನ್, ಹೊರಗಡೆ 213. ಹಳೆಯ ಯಾಂಕೀ ಸ್ಟೇಡಿಯಂನ ಎಡ-ಮಧ್ಯದ ಬೇಲಿ ಸುಮಾರು 460 ಅಡಿ ದೂರ, ಬಲಗಡೆ ಮೂಲೆ ಬರೀ 295 ಅಡಿ. ಬಲಗೈ ಹೊಡೆತಗಾರನಿಗೆ ಆ ಮೈದಾನ ಶಿಕ್ಷೆ.

ಫಸ್ಟ್ ಬೇಸ್ ಗೆರಿಗ್, ಶಾರ್ಟ್‌ಸ್ಟಾಪ್ ಡೆರೆಕ್ ಜೀಟರ್, ಕ್ಯಾಚರ್ ಯೋಗಿ ಬೆರಾ. ಇದರಲ್ಲಿ ಚರ್ಚೆಗೆ ಜಾಸ್ತಿ ಜಾಗ ಇಲ್ಲ. ಡಿಕಿ ಅಭಿಮಾನಿಗಳು ಬೇಜಾರಾಗಬಹುದು, ಆದರೆ 1950ರಲ್ಲಿ ಬೆರಾ 28 ಹೋಮ್ ರನ್ ಹೊಡೆದು ಸ್ಟ್ರೈಕ್‌ಔಟ್ ಆಗಿದ್ದು 12 ಸಲ. ಮೂರು ಎಂವಿಪಿ, ಆಟಗಾರನಾಗಿ ಹತ್ತು ವರ್ಲ್ಡ್ ಸೀರೀಸ್.

ಥರ್ಡ್ ಬೇಸ್‌ನಲ್ಲಿ ಅಂಕಿ ಹೇಳೋದು ಅಲೆಕ್ಸ್ ರಾಡ್ರಿಗಸ್. ನಾನು ಬರೆಯೋದು ಗ್ರೇಗ್ ನೆಟಲ್ಸ್. ಉದ್ದೀಪನ ಮದ್ದಿನ ಪ್ರಕರಣಕ್ಕೆ ರಾಡ್ರಿಗಸ್ ಯಾಂಕೀಸ್ ಆಟಗಾರರಾಗಿದ್ದಾಗಲೇ 2014ರ ಇಡೀ ಸೀಸನ್ ಅಮಾನತಾಗಿದ್ದರು, ಅದನ್ನು ನಾನು ಬದಿಗಿಡಲಾರೆ. ಜೊತೆಗೆ ಜೀಟರ್ ಎಡಬಲಕ್ಕೆ ಜಾಸ್ತಿ ದೂರ ಹೋಗಿ ಚೆಂಡು ಹಿಡಿಯುವವರಲ್ಲ, ಅವರ ಪಕ್ಕದಲ್ಲಿ ಒಳ್ಳೆ ಕೈ ಬೇಕು. 1978ರ ವರ್ಲ್ಡ್ ಸೀರೀಸ್‌ನ ಮೂರನೇ ಪಂದ್ಯದ ತುಣುಕು ಹುಡುಕಿ ನೋಡಿ. ಡಾಜರ್ಸ್ ಬ್ಯಾಟರ್‌ಗಳು ಥರ್ಡ್ ಬೇಸ್ ಪಕ್ಕ ಬಾರಿಸಿದ ಚೆಂಡುಗಳಿಗೆ ನೆಟಲ್ಸ್ ಹಾರಿ ಹಾರಿ ಬೀಳುತ್ತಾರೆ, ಒಂದಾದ ಮೇಲೊಂದು. ಆವತ್ತು ಅವರು ಉಳಿಸಿದ ರನ್‌ಗಳೇ ಪಂದ್ಯ ಗೆಲ್ಲಿಸಿದವು.

ಸೆಕೆಂಡ್ ಬೇಸ್ ಈ ತಂಡದ ನಿಜವಾದ ಕದನ. ರಾಬಿನ್‌ಸನ್ ಕೆನೋ, ಲಝೆರಿ, 1942ರ ಎಂವಿಪಿ ಜೋ ಗಾರ್ಡನ್. ನನ್ನ ಆಯ್ಕೆ ವಿಲ್ಲಿ ರ‍್ಯಾಂಡಾಲ್ಫ್, ಇದಕ್ಕೆ ಜನ ಹುಬ್ಬೇರಿಸುತ್ತಾರೆ. ಹೋಮ್ ರನ್ ಹೊಡೆಯೋ ಆಸಾಮಿ ಅಲ್ಲ. ಆದರೆ 1980ರಲ್ಲಿ 119 ವಾಕ್, ಆನ್‌ಬೇಸ್ .427. ರನ್ ಬರ ಇದ್ದ ಕಾಲದಲ್ಲಿ ಅಷ್ಟು. ಈ ಲೈನಪ್‌ಗೆ ಇನ್ನೊಬ್ಬ ಹೊಡೆತಗಾರ ಬೇಕಿಲ್ಲ. ಒಂಬತ್ತನೇ ಸ್ಥಾನದಲ್ಲಿ ಔಟಾಗದೆ ನಿಂತು, ಮೇಲಿನವರು ಮತ್ತೆ ಬರುವಷ್ಟರಲ್ಲಿ ಬೇಸ್ ಮೇಲಿರುವವನು ಬೇಕು.

ಸರದಿ ಹೀಗೆ: ಜೀಟರ್, ರೂಥ್, ಜಡ್ಜ್, ಗೆರಿಗ್, ಮ್ಯಾಂಟಲ್, ಡಿಮ್ಯಾಜಿಯೊ, ಬೆರಾ, ನೆಟಲ್ಸ್, ರ‍್ಯಾಂಡಾಲ್ಫ್. ರೂಥ್ ಎರಡನೆಯವರಾ ಅಂತ ನಿಮ್ಮ ಗೆಳೆಯರು ಕೂಗಾಡುತ್ತಾರೆ, ಅದು ನನಗೆ ಗೊತ್ತು. 1929ರಲ್ಲಿ ಯಾಂಕೀಸ್ ಅಂಗಿಗೆ ನಂಬರ್ ಹಾಕಿದಾಗ ಬ್ಯಾಟಿಂಗ್ ಸರದಿಯನ್ನೇ ನಂಬರ್ ಮಾಡಿದರು, ಅದಕ್ಕೇ ರೂಥ್ 3, ಗೆರಿಗ್ 4. ಆ ಅಂಕೆಗಳಿಗೆ ಜನ ಮನಸ್ಸು ಕೊಟ್ಟುಬಿಟ್ಟಿದ್ದಾರೆ. ಆದರೆ ತಂಡದ ಅತ್ಯುತ್ತಮ ಬ್ಯಾಟರ್ ಎರಡರಲ್ಲಿ ಬಂದರೆ ಸೀಸನ್‌ಗೆ 15-20 ಅವಕಾಶ ಜಾಸ್ತಿ ಸಿಗುತ್ತದೆ, ರೂಥ್ ಆನ್‌ಬೇಸ್ .474. ಇನ್ನು ರೂಥ್, ಗೆರಿಗ್ ಇಬ್ಬರೂ ಎಡಗೈ, ಇಬ್ಬರ ಮಧ್ಯೆ ಬಲಗೈ ಜಡ್ಜ್ ಇದ್ದಾರೆ. 2020ರಿಂದ ಹೊಸದಾಗಿ ಬಂದ ಪಿಚರ್ ಕನಿಷ್ಠ ಮೂವರಿಗೆ ಎಸೆಯಬೇಕು ಅಥವಾ ಇನಿಂಗ್ಸ್ ಮುಗಿಸಬೇಕು ಅನ್ನೋ ನಿಯಮ ಇದೆ. ಎಡಗೈ ಬ್ಯಾಟರ್‌ಗೆ ಎಡಗೈ ಪಿಚರ್ ಕಷ್ಟ, ಆದರೆ ರೂಥ್‌ಗೆ ಅಂತ ಅಂಥವನನ್ನು ತಂದರೆ, ಅಲ್ಲಿಗೇ ಇನಿಂಗ್ಸ್ ಮುಗಿಯದಿದ್ದರೆ, ಅವನು ಬಲಗೈ ಜಡ್ಜ್ ಕೈಗೆ ಸಿಕ್ಕೇ ಸಿಗುತ್ತಾನೆ.

ಇದಕ್ಕೆ ಸವಾಲು ಹಾಕಬಲ್ಲ ತಂಡ ಒಂದೇ, ಜೈಂಟ್ಸ್. ಬ್ಯಾರಿ ಬಾಂಡ್ಸ್, ವಿಲ್ಲಿ ಮೇಸ್, ಮೆಲ್ ಆಟ್ ಮೂವರ ಔಟ್‌ಫೀಲ್ಡ್, ಫಸ್ಟ್ ಬೇಸ್‌ನಲ್ಲಿ ವಿಲ್ಲಿ ಮೆಕೊವಿ. ಆ ನಾಲ್ವರ ಮುಂದೆ ಯಾಂಕೀಸ್ ನಾಲ್ವರಿಗೂ ಬೆವರು ಬರುತ್ತದೆ. ಕ್ಯಾಚರ್ ಮತ್ತು ಶಾರ್ಟ್‌ಸ್ಟಾಪ್ ಜಾಗಕ್ಕೆ ಬಂದಾಗ ಯಾಂಕೀಸ್ ಮುಂದೆ ಹೋಗುತ್ತದೆ.

ಒಂದು ವೇಳೆ ನಿಮ್ಮ ಮೇಜಿನಲ್ಲಿ ಡಿಎಚ್ ಒಪ್ಪದ ಹಳೇ ಕಾಲದವರಿದ್ದರೆ, ಪಿಚರ್ರೇ ಬ್ಯಾಟ್ ಹಿಡೀಬೇಕು ಅಂತ ಅವರು ಪಟ್ಟು ಹಿಡಿದರೆ, ಒಬ್ಬರು ಹೊರಗೆ ಹೋಗಬೇಕಾಗುತ್ತದೆ. ಆಗ ನಾನು ಸೆಂಟರ್ ಫೀಲ್ಡನ್ನು ಮ್ಯಾಂಟಲ್‌ಗೆ ಕೊಟ್ಟು ಡಿಮ್ಯಾಜಿಯೊ ಅವರನ್ನು ಬಿಡುತ್ತೇನೆ, ಆನ್‌ಬೇಸ್ .421 ಎದುರು .398. ಪಿಚರ್ ಜಾಗಕ್ಕೆ ರಫಿಂಗ್.